ಕಿಡ್ನಿ ಕಸಿಯ ನಂತರ ಮಲೆನಾಡಿನ ಮನೆಯಲ್ಲಿ: ಮಾತ್ರೆ, ರಕ್ತಪರೀಕ್ಷೆ, ಜ್ವರ, ಮಳೆಗಾಲ

ಕಿಡ್ನಿ ಕಸಿ ಮಾಡುವ ಆಸ್ಪತ್ರೆಗಳಿರುವುದು ಬೆಂಗಳೂರು, ಮಂಗಳೂರು, ಮೈಸೂರುಗಳಲ್ಲಿ. ಕಸಿಯಾದ ಮೇಲೆ ಬದುಕಬೇಕಾದದ್ದು ಹಾಸನದ ಬಡಾವಣೆಯಲ್ಲಿ, ಸಕಲೇಶಪುರದ ತೋಟದಲ್ಲಿ, ಮೂಡಿಗೆರೆಯ ಹಳ್ಳಿಯಲ್ಲಿ. ಕಸಿ ಮಾಡಿದ ವೈದ್ಯರು ಇನ್ನೂರು ಕಿಲೊಮೀಟರ್ ದೂರ. ಜ್ವರ ಬಂದ ರಾತ್ರಿ ಕೈಗೆ ಸಿಗುವವರು ಊರಿನ ವೈದ್ಯರು ಮತ್ತು ಔಷಧ ಅಂಗಡಿಯವರು. ಅವರಿಗೆ ಕಸಿಯ ಮಾತ್ರೆಗಳ ಪರಿಚಯ ಇರಲೇಬೇಕೆಂದಿಲ್ಲ. ಹೀಗಾಗಿ ಮನೆಯವರೇ ಕೆಲವು ವಿಷಯಗಳನ್ನು ಚೆನ್ನಾಗಿ ಕಲಿತುಕೊಳ್ಳಬೇಕಾಗುತ್ತದೆ.

ನನ್ನ ಅಣ್ಣ ಸಕಲೇಶಪುರದ ಕಡೆಯ ಸಣ್ಣ ಕಾಫಿ ಬೆಳೆಗಾರ. ಕಿಡ್ನಿ ಕೊಟ್ಟವರು ಅತ್ತಿಗೆ. ಮಾತ್ರೆ, ಪರೀಕ್ಷೆ, ಫೈಲುಗಳ ಉಸ್ತುವಾರಿ ನನ್ನದು. ಇಲ್ಲಿ ಬರೆದಿರುವುದು ಕಿಡ್ನಿ ಕಸಿಯಾದವರ ಮನೆಗೆ ಉಪಯೋಗವಾಗಲಿ ಎಂದು. ಯಕೃತ್ತು, ಹೃದಯ ಕಸಿಯಾದವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಆದರೆ ಪ್ರಮಾಣ, ಗುರಿ, ಅವಧಿಗಳ ವಿಷಯದಲ್ಲಿ ನಿಮ್ಮ ಕಸಿ ತಂಡದ ಮಾತೇ ಕೊನೆಯದು.

ಊರಿಗೆ ಹೊರಡುವ ಮುನ್ನ

ಬಿಡುಗಡೆಯ ದಿನ ಎಲ್ಲರಿಗೂ ಮನೆ ಸೇರುವ ಆತುರ. ಆದರೂ ಒಂದು ಗಂಟೆ ಕುಳಿತು ಈ ಕೆಲಸಗಳನ್ನು ಮುಗಿಸಿಕೊಳ್ಳಿ.

ಕಸಿ ಸಂಯೋಜಕರ ಮೊಬೈಲ್ ಸಂಖ್ಯೆ ಮತ್ತು ರಾತ್ರಿ ಹೊತ್ತು ಕರೆ ಮಾಡಬೇಕಾದ ಸಂಖ್ಯೆ, ಎರಡನ್ನೂ ಪಡೆಯಿರಿ. ದಪ್ಪ ಡಿಸ್ಚಾರ್ಜ್ ಸಾರಾಂಶದ ಜೊತೆಗೆ ಒಂದೇ ಪುಟದ ಪತ್ರವೊಂದನ್ನು ಕೇಳಿ ಬರೆಸಿಕೊಳ್ಳಿ: ಕಸಿಯಾದ ದಿನಾಂಕ, ಬಿಡುಗಡೆಯ ದಿನದ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಅಂಕಿ; ಏರಿದರೆ ಕಿಡ್ನಿಗೆ ತೊಂದರೆಯಿರಬಹುದು), ಈಗಿನ ಎಲ್ಲ ಮಾತ್ರೆಗಳು, ಕೊಡಬಾರದ ಔಷಧಗಳು. ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಇಪ್ಪತ್ತು ಪುಟದ ಫೈಲು ಓದಲು ಯಾರಿಗೂ ಸಮಯವಿರುವುದಿಲ್ಲ. ಒಂದು ಪುಟವನ್ನು ಓದುತ್ತಾರೆ. ಅದರ ಫೋಟೊ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ.

ಊರಿಗೆ ಬಂದ ವಾರದಲ್ಲೇ, ಆರೋಗ್ಯ ಚೆನ್ನಾಗಿರುವಾಗಲೇ, ಹತ್ತಿರದ ಫಿಸಿಷಿಯನ್ ಒಬ್ಬರನ್ನು ಭೇಟಿ ಮಾಡಿ ಆ ಪತ್ರ ತೋರಿಸಿ. ಹಾಸನ ಮತ್ತು ಚಿಕ್ಕಮಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕಗಳಿವೆ. ಕಸಿಗೆ ಮೊದಲು ನೀವು ಅಲ್ಲಿಗೆ ಹೋಗುತ್ತಿದ್ದರೆ ಆ ಪರಿಚಯವನ್ನು ಕಡಿದುಕೊಳ್ಳಬೇಡಿ.

ಮೂತ್ರನಾಳದಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟಿದ್ದರೆ ಅದನ್ನು ತೆಗೆಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಯುತ್ತಾರೆ. ಮರೆತು ಒಳಗೇ ಉಳಿದರೆ ಸೋಂಕಿಗೆ ಅದೇ ನೆಲೆಯಾಗುತ್ತದೆ.

ಮಾತ್ರೆಗಳು ಏನು ಮಾಡುತ್ತವೆ

ಹೊಸ ಕಿಡ್ನಿ ತನ್ನದಲ್ಲವೆಂದು ದೇಹಕ್ಕೆ ಗೊತ್ತು. ದೇಹ ಅದರ ಮೇಲೆ ದಾಳಿ ಮಾಡದಂತೆ ರೋಗನಿರೋಧಕ ಶಕ್ತಿಯನ್ನು ಮಾತ್ರೆಗಳು ತಗ್ಗಿಸುತ್ತವೆ. ತಗ್ಗಿದ್ದು ಕಡಿಮೆಯಾದರೆ ತಿರಸ್ಕಾರ, ಅಂದರೆ ದೇಹ ಹೊಸ ಕಿಡ್ನಿಯ ಮೇಲೆ ದಾಳಿ ಮಾಡುವುದು; ಹೆಚ್ಚಾದರೆ ಸೋಂಕು. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳೂ ಈ ಎರಡರ ನಡುವೆ ನಡೆಯುವುದಕ್ಕಾಗಿಯೇ.

ಹೆಚ್ಚಿನವರಿಗೆ ಮೂರು ಮುಖ್ಯ ಔಷಧಗಳಿರುತ್ತವೆ. ಮೊದಲನೆಯದು ಟ್ಯಾಕ್ರೋಲಿಮಸ್. ಕೈ ನಡುಕ, ತಲೆನೋವು, ಬಿಪಿ ಮತ್ತು ಸಕ್ಕರೆ ಏರುವುದು, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚುವುದು ಇದರ ಅಡ್ಡಪರಿಣಾಮಗಳು. ಅತಿಯಾದರೆ ಕಾಪಾಡಬೇಕಾದ ಕಿಡ್ನಿಗೇ ಹಾನಿ ಮಾಡುತ್ತದೆ. ಎರಡನೆಯದು ಮೈಕೋಫಿನೊಲೇಟ್. ಇದರಿಂದ ಭೇದಿಯಾಗಬಹುದು, ಬಿಳಿ ರಕ್ತಕಣ ಇಳಿಯಬಹುದು. ಇದು ಮೊಫೆಟಿಲ್, ಸೋಡಿಯಂ ಎಂಬ ಎರಡು ರೂಪಗಳಲ್ಲಿ ಸಿಗುತ್ತದೆ; ಮೊದಲನೆಯದರ 250 ಮಿಲಿಗ್ರಾಂ ಎರಡನೆಯದರ 180ಕ್ಕೆ ಸಮ. ಅಂಗಡಿಯಲ್ಲಿ ಒಂದಿಲ್ಲವೆಂದು ಇನ್ನೊಂದನ್ನು ಕೊಟ್ಟರೆ ಒಪ್ಪಬೇಡಿ. ಮೂರನೆಯದು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್. ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಬೇಕು. ಮುಖ ಊದಿತು, ಹಸಿವು ಹೆಚ್ಚಾಯಿತು ಎಂದು ತಾನಾಗಿಯೇ ನಿಲ್ಲಿಸುವವರಿದ್ದಾರೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಇವುಗಳ ಜೊತೆ ಮೊದಲ ಕೆಲವು ತಿಂಗಳು ಸೋಂಕು ತಡೆಯುವ ಮಾತ್ರೆಗಳಿರುತ್ತವೆ: ಶ್ವಾಸಕೋಶದ ಒಂದು ಬಗೆಯ ಸೋಂಕಿಗೆ ಕೋ-ಟ್ರೈಮಾಕ್ಸಜೋಲ್, ಸಿಎಂವಿ ವೈರಸ್ಸಿಗೆ ವಾಲ್‌ಗ್ಯಾನ್ಸಿಕ್ಲೋವಿರ್. ಎರಡನೆಯದು ದುಬಾರಿ. ಆರೋಗ್ಯವಾಗಿದ್ದೇವಲ್ಲ ಎಂದು ಅದನ್ನು ಅರ್ಧಕ್ಕೆ ಬಿಡಬೇಡಿ. ಆರೋಗ್ಯವಾಗಿರುವುದರಲ್ಲಿ ಅದರ ಪಾಲೂ ಇದೆ.

ಗಡಿಯಾರವನ್ನು ಗೊತ್ತುಮಾಡಿಕೊಳ್ಳುವುದು

ದಿನಕ್ಕೆ ಎರಡು ಬಾರಿಯ ಟ್ಯಾಕ್ರೋಲಿಮಸ್‌ಗೆ ಹನ್ನೆರಡು ಗಂಟೆಯ ಅಂತರ ಇರಬೇಕು. ಯಾವ ಹೊತ್ತು ಎಂಬುದನ್ನು ಪ್ರಯೋಗಾಲಯದ ದೂರ ನೋಡಿ ನಿರ್ಧರಿಸುವುದು ಜಾಣತನ. ಸಕಲೇಶಪುರದ ಒಳಗಿನ ಹಳ್ಳಿಯಿಂದ ಬಸ್ ಹಿಡಿದು ಹಾಸನದ ಲ್ಯಾಬ್ ತಲುಪಲು ಎರಡು ಗಂಟೆ ಬೇಕು. ಬೆಳಿಗ್ಗೆ ಏಳಕ್ಕೆ ಮಾತ್ರೆಯ ಹೊತ್ತು ಇಟ್ಟುಕೊಂಡವರು ಪರೀಕ್ಷೆಯ ದಿನ ಪೇಚಿಗೆ ಸಿಲುಕುತ್ತಾರೆ. ಒಂಬತ್ತು–ಒಂಬತ್ತು ನಮ್ಮ ಕಡೆಗೆ ಹೊಂದುತ್ತದೆ. ತಂಡದವರಿಗೆ ಕಾರಣ ವಿವರಿಸಿದರೆ ಹೊತ್ತು ಬದಲಿಸುವ ಕ್ರಮವನ್ನು ಅವರೇ ತಿಳಿಸುತ್ತಾರೆ.

ಊಟಕ್ಕೂ ಮಾತ್ರೆಗೂ ಇರುವ ಅಂತರ ದಿನವೂ ಒಂದೇ ಆಗಿರಲಿ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವುದಾದರೆ ಎಂದೂ ಹಾಗೆಯೇ. ಒಂದು ದಿನ ಹಾಗೆ, ಇನ್ನೊಂದು ದಿನ ಹೀಗೆ ಮಾಡಿದರೆ ರಕ್ತದಲ್ಲಿ ಔಷಧದ ಮಟ್ಟ ಏರಿಳಿಯುತ್ತದೆ.

ಮರೆತರೆ, ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಲೇಬಾರದು. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಮತ್ತೆ ಕೊಡಬೇಕೋ ಬೇಡವೋ ಎಂದು ಫೋನ್ ಮಾಡಿ ಕೇಳಿ. ಎರಡು ಹೊತ್ತು ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅದು ಮನೆಯಲ್ಲಿ ಕಾಯುವ ಸ್ಥಿತಿಯಲ್ಲ.

ಮಲೆನಾಡಿನವರಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಉಪ್ಪು ನೀರಾಗುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಆ ತೇವದಲ್ಲಿ ಟ್ಯಾಕ್ರೋಲಿಮಸ್ ಕ್ಯಾಪ್ಸೂಲ್‌ಗಳನ್ನು ಪಟ್ಟಿಯಿಂದ ಬಿಡಿಸಿ ವಾರದ ಡಬ್ಬಿಗೆ ತುಂಬಿಡಬಾರದು. ಪಟ್ಟಿಯನ್ನೇ ಕತ್ತರಿಯಿಂದ ತುಂಡು ಮಾಡಿ, ಆ ತುಂಡನ್ನು ಡಬ್ಬಿಯಲ್ಲಿಡಿ. ನುಂಗುವ ಹೊತ್ತಿಗೆ ಬಿಡಿಸಿ. ಅಡುಗೆಮನೆಯ ಒಲೆಯ ಮೇಲಿನ ಕಪಾಟು, ಬಚ್ಚಲಿನ ಬದಿಯ ಕಿಟಕಿ ಔಷಧಕ್ಕೆ ತಕ್ಕ ಜಾಗವಲ್ಲ.

ಕಂಪನಿ ಬದಲಾಯಿಸುವ ವಿಷಯವೂ ಇಲ್ಲಿಯೇ ಬರುತ್ತದೆ. ಕಡಿಮೆ ಬೆಲೆಯ ಕಂಪನಿಯ ಮಾತ್ರೆ ತಪ್ಪೇನಲ್ಲ. ತಂಡಕ್ಕೆ ಹೇಳದೆ, ಬದಲಾದ ಮೇಲೆ ರಕ್ತದ ಮಟ್ಟ ನೋಡಿಸದೆ, ತಿಂಗಳಿಗೊಂದು ಕಂಪನಿಯ ಮಾತ್ರೆ ನುಂಗುವುದು ತಪ್ಪು. ದಿನಕ್ಕೊಮ್ಮೆಯ ಟ್ಯಾಕ್ರೋಲಿಮಸ್ ಬೇರೆ, ಎರಡು ಬಾರಿಯದು ಬೇರೆ. ಪೆಟ್ಟಿಗೆಯ ಮೇಲಿನ ಹೆಸರನ್ನು ಪ್ರತಿ ಸಲವೂ ಓದಿ ಕೊಳ್ಳಿ.

ಟ್ಯಾಕ್ರೋಲಿಮಸ್ ಮಟ್ಟದ ಪರೀಕ್ಷೆ

ಇಡೀ ಆರೈಕೆಯಲ್ಲಿ ಅತಿ ಹೆಚ್ಚು ಕೆಡುವುದು ಈ ಪರೀಕ್ಷೆ. ಕೆಟ್ಟರೆ ವೈದ್ಯರು ತಪ್ಪು ಅಂಕಿ ನೋಡಿ ಪ್ರಮಾಣ ಬದಲಿಸುವಂತಾಗುತ್ತದೆ.

ಹಿಂದಿನ ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತರ ಆಸುಪಾಸಿನಲ್ಲಿ ರಕ್ತ ಕೊಡಬೇಕು. ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆ. ಮನೆಯಲ್ಲಿ ನುಂಗಿ ಹೊರಟರೆ ಮಟ್ಟ ಸುಳ್ಳಾಗಿ ಹೆಚ್ಚು ತೋರಿಸುತ್ತದೆ, ವೈದ್ಯರು ಪ್ರಮಾಣ ಇಳಿಸುತ್ತಾರೆ, ಅಲ್ಲಿಂದ ತಿರಸ್ಕಾರಕ್ಕೆ ದಾರಿ. ಆದ್ದರಿಂದ ಆ ದಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಲ್ಯಾಬಿನಲ್ಲೇ ನೀರು ಕೇಳಿ ನುಂಗಿ.

ಇದಕ್ಕೆ ಬೇಕಾದದ್ದು ಇಡೀ ರಕ್ತ, ನೇರಳೆ ಮುಚ್ಚಳದ ಟ್ಯೂಬಿನಲ್ಲಿ. ಸಣ್ಣ ಊರಿನ ಲ್ಯಾಬುಗಳು ಮಾದರಿಯನ್ನು ಬೆಂಗಳೂರಿಗೆ ಕಳುಹಿಸುವುದೇ ಹೆಚ್ಚು. ಯಾವ ದಿನ ಕಳುಹಿಸುತ್ತಾರೆ, ವರದಿ ಎಂದು ಬರುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಭಾನುವಾರದ ಹಿಂದಿನ ದಿನ ಕೊಡಬೇಡಿ. ಒಂದೇ ಲ್ಯಾಬನ್ನು ನೆಚ್ಚಿಕೊಳ್ಳುವುದು ಒಳ್ಳೆಯದು, ಏಕೆಂದರೆ ವಿಧಾನ ಬೇರೆಯಾದರೆ ಅಂಕಿಯೂ ಸ್ವಲ್ಪ ಬೇರೆಯಾಗುತ್ತದೆ. ಕೊನೆಯ ಮಾತ್ರೆ ನುಂಗಿದ ಹೊತ್ತು, ರಕ್ತ ತೆಗೆದ ಹೊತ್ತು ಎರಡನ್ನೂ ವರದಿಯ ಮೇಲೆ ಬರೆದು ತಂಡಕ್ಕೆ ಕಳುಹಿಸಿ. ಗುರಿ ಮೊದಲ ತಿಂಗಳುಗಳಲ್ಲಿ ಹೆಚ್ಚು, ಆಮೇಲೆ ಕಡಿಮೆ. ಪಕ್ಕದ ಊರಿನ ರೋಗಿಯ ಅಂಕಿಯೊಡನೆ ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ.

ದಿನದ ನೋಟ್‌ಬುಕ್

ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು ತೂಕ. ಬೆಳಿಗ್ಗೆ, ಸಂಜೆ ಬಿಪಿ ಮತ್ತು ಜ್ವರದ ಅಳತೆ. ಮೊದಲ ತಿಂಗಳುಗಳಲ್ಲಿ ಕುಡಿದ ನೀರು, ಹೋದ ಮೂತ್ರ. ಹೇಳಿದ್ದರೆ ಸಕ್ಕರೆ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಯಲ್ಲಿ ಬಿಪಿ ನೋಡಬಾರದು, ಸೂಜಿ ಚುಚ್ಚಿಸಬಾರದು.

ಡಯಾಲಿಸಿಸ್ ಕಾಲದಲ್ಲಿ ಗುಟುಕು ಗುಟುಕಾಗಿ ನೀರು ಅಳೆದು ಕುಡಿದವರಿಗೆ ಈಗ ದಿನಕ್ಕೆ ಎರಡೂವರೆ, ಮೂರು ಲೀಟರ್ ಕುಡಿಯಿರಿ ಎಂದರೆ ಭಯವಾಗುತ್ತದೆ. ಅಣ್ಣನಿಗೂ ಹಾಗೆಯೇ ಆಗಿತ್ತು. ಲೋಟ ಹಿಡಿದು ಬೈಯಬೇಡಿ. ಅಳತೆಯ ಬಾಟಲಿ ತುಂಬಿಸಿ ಎದುರಿಗಿಡಿ.

ಒಂದೆರಡು ದಿನದಲ್ಲಿ ತೂಕ ಎರಡು ಕಿಲೊ ಏರಿದರೆ, ಮೂತ್ರ ಎದ್ದು ಕಾಣುವಷ್ಟು ಕಡಿಮೆಯಾದರೆ, ಕಾಲು ಊದಿದರೆ, ಕಿಬ್ಬೊಟ್ಟೆಯಲ್ಲಿ ಹೊಸ ಕಿಡ್ನಿ ಇರುವ ಜಾಗ ನೋಯುತ್ತಿದ್ದರೆ, ಮೂತ್ರ ಕೆಂಪಾದರೆ, ಬಿಪಿ ತಂಡ ಹೇಳಿದ ಮಿತಿ ಮೀರಿಯೇ ಉಳಿದರೆ ಅದೇ ದಿನ ಕರೆ ಮಾಡಿ. ಆದರೆ ತಿರಸ್ಕಾರ ಅನೇಕ ಸಲ ಒಂದು ಲಕ್ಷಣವನ್ನೂ ತೋರಿಸದೆ ಶುರುವಾಗುತ್ತದೆ. ಕ್ರಿಯಾಟಿನಿನ್ ಮಾತ್ರ ಏರಿರುತ್ತದೆ. 1.1 ಇದ್ದವರಿಗೆ 1.4 ಆದರೆ, ವರದಿಯ ಪಕ್ಕದ ಮಿತಿಯ ಅಂಚಿನಲ್ಲೇ ಇದೆಯಲ್ಲ ಎಂದು ಸುಮ್ಮನಿರಬಾರದು. ಅವರ ಪಾಲಿಗೆ ಅದು ಕಾಲು ಭಾಗದಷ್ಟು ಏರಿಕೆ. ಚೆನ್ನಾಗಿದ್ದೇನೆ ಎಂದು ರಕ್ತಪರೀಕ್ಷೆ ತಪ್ಪಿಸುವವರ ಬಗ್ಗೆ ನನಗೆ ತುಂಬ ಕಳವಳ. ಬೇಗ ತಿಳಿದ ತಿರಸ್ಕಾರಕ್ಕೆ ಬಹಳ ಸಲ ಚಿಕಿತ್ಸೆ ಫಲಿಸುತ್ತದೆ.

ಜ್ವರ ಬಂದಾಗ

ಮೈ ಬಿಸಿ ಅನಿಸಿದರೆ ಮೊದಲು ಥರ್ಮಾಮೀಟರ್, ಆಮೇಲೆ ಪ್ಯಾರಾಸಿಟಮಾಲ್. ಮೊದಲೇ ನುಂಗಿದರೆ ಜ್ವರ ಅಡಗಿ ಕುಳಿತುಕೊಳ್ಳುತ್ತದೆ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿದ್ದರೆ ಅದೇ ಹೊತ್ತಿನಲ್ಲಿ ತಂಡಕ್ಕೆ ಫೋನ್ ಮಾಡಿ. ಬೆಳಗಾಗಲಿ ನೋಡೋಣ ಎನ್ನುವ ಮಾತು ಈ ಮನೆಗೆ ಹೊಂದುವುದಿಲ್ಲ. ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ದೊಡ್ಡ ಸೋಂಕಿಗೂ ಸಣ್ಣ ಜ್ವರವೇ ಇರಬಹುದು. ಚಳಿ ನಡುಕ, ಉಸಿರಾಟದ ಕಷ್ಟ, ಗೊಂದಲದ ಮಾತು ಇದ್ದರೆ ಅಂಕಿ ನೋಡುತ್ತ ಕೂರದೆ 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ದಾರಿಯಿಂದಲೇ ತಂಡಕ್ಕೆ ತಿಳಿಸಿ. ನೇರ ಬೆಂಗಳೂರಿಗೇ ಹೊರಡುವುದು ಯಾವಾಗಲೂ ಸರಿಯಲ್ಲ. ಸೋಂಕು ಪತ್ತೆಹಚ್ಚುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು ಮೊದಲ ಆ್ಯಂಟಿಬಯಾಟಿಕ್ ಹಾಸನದಲ್ಲೇ ಶುರುವಾದರೆ ಬೆಂಗಳೂರಿನ ದಾರಿಯ ನಾಲ್ಕು ಗಂಟೆ ವ್ಯರ್ಥವಾಗುವುದಿಲ್ಲ.

ಭೇದಿಯ ಬಗ್ಗೆ ಹೆಚ್ಚಿನವರಿಗೆ ತಿಳಿಯದ ಸಂಗತಿಯೊಂದಿದೆ. ಭೇದಿಯಾದಾಗ ಟ್ಯಾಕ್ರೋಲಿಮಸ್ ರಕ್ತಕ್ಕೆ ಹೆಚ್ಚು ಸೇರುತ್ತದೆ. ಒಂದು ಕಡೆ ನೀರಿನಂಶ ಕಡಿಮೆ, ಇನ್ನೊಂದು ಕಡೆ ಔಷಧ ಜಾಸ್ತಿ. ಎರಡೂ ಕಿಡ್ನಿಗೆ ಪೆಟ್ಟು. ಒಂದು ದಿನ ಮೀರಿ ಭೇದಿ ನಿಲ್ಲದಿದ್ದರೆ ಕ್ರಿಯಾಟಿನಿನ್, ಟ್ಯಾಕ್ರೋಲಿಮಸ್ ಎರಡನ್ನೂ ನೋಡಿಸಬೇಕು.

ಹೊಸ ಮಾತ್ರೆ ಯಾವುದೇ ಬರಲಿ, ಮೊದಲು ಫೋನ್

ನಮ್ಮ ಕಡೆಯ ಕಸಿ ರೋಗಿಗಳಿಗೆ ದೊಡ್ಡ ಅಪಾಯ ಇಲ್ಲಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಯಾರೂ ಕೆಡುಕು ಬಯಸಿ ಕೊಡುವುದಿಲ್ಲ. ಬೆನ್ನು ನೋವೆಂದರೆ ಡೈಕ್ಲೋಫಿನಾಕ್ ಇಂಜೆಕ್ಷನ್, ಹಲ್ಲು ನೋವೆಂದರೆ ಐಬುಪ್ರೊಫೆನ್, ಅಸಿಕ್ಲೋಫಿನಾಕ್. ಈ ನೋವಿನ ಔಷಧಗಳು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ.

ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್, ಇಟ್ರಾಕೊನಜೋಲ್, ಬಿಪಿಗೆ ಕೊಡುವ ಡಿಲ್ಟಿಯಾಜೆಮ್ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇಳಿಸುತ್ತವೆ. ಎಲ್ಲಕ್ಕಿಂತ ಹೆಚ್ಚು ಇಳಿಸುವುದು ಕ್ಷಯಕ್ಕೆ ಕೊಡುವ ರಿಫಾಂಪಿಸಿನ್. ಕಸಿಯಾದವರಿಗೆ ಕ್ಷಯದ ಸಾಧ್ಯತೆ ಹೆಚ್ಚು. ಸರ್ಕಾರಿ ಕೇಂದ್ರದಲ್ಲಿ ಕೊಡುವ ಮಾತ್ರೆಯಲ್ಲಿ ರಿಫಾಂಪಿಸಿನ್ ಇರುತ್ತದೆ. ಕ್ಷಯವೆಂದು ಗೊತ್ತಾದರೆ ಚಿಕಿತ್ಸೆ ಬೇಕೇ ಬೇಕು, ಆದರೆ ಮೊದಲ ಮಾತ್ರೆಗೆ ಮುನ್ನ ಕಸಿ ತಂಡ ಮತ್ತು ಕ್ಷಯ ಕೇಂದ್ರದ ವೈದ್ಯರು ಪರಸ್ಪರ ಮಾತನಾಡಬೇಕು. ಮೈಕೋಫಿನೊಲೇಟ್ ಬದಲು ಅಜಾಥಿಯೊಪ್ರಿನ್ ತೆಗೆದುಕೊಳ್ಳುವವರಿಗೆ ಯೂರಿಕ್ ಆಮ್ಲಕ್ಕೆಂದು ಅಲೋಪ್ಯೂರಿನಾಲ್ ಕೊಟ್ಟರೆ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯುತ್ತವೆ. ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುವ, ಇಳಿಸುವ ಔಷಧವೊಂದನ್ನು ನಿಲ್ಲಿಸಿದಾಗಲೂ ಆ ಮಟ್ಟ ಬದಲಾಗುತ್ತದೆ ಎಂಬುದು ನೆನಪಿರಲಿ.

ನಾಟಿ ಔಷಧದ ವಿಷಯವನ್ನು ಮನೆಯ ಹಿರಿಯರಿಗೆ ಗೌರವದಿಂದಲೇ, ಆದರೆ ಸ್ಪಷ್ಟವಾಗಿ ಹೇಳಬೇಕು. ಅಮೃತಬಳ್ಳಿ, ಅಶ್ವಗಂಧ ಶಕ್ತಿ ಕೊಡುತ್ತವೆ ಎಂದು ಪ್ರೀತಿಯಿಂದ ಕಷಾಯ ಕಾಯಿಸುತ್ತಾರೆ. ನಾವು ಮಾತ್ರೆ ನುಂಗಿ ತಗ್ಗಿಸಿರುವ ಶಕ್ತಿಯನ್ನೇ ಅವು ಕೆರಳಿಸಬಹುದು. ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದದ್ದೂ ವರದಿಯಾಗಿದೆ. ಸಾರಿಗೆ ಹಾಕುವ ಅರಿಶಿನ, ಮೆಣಸು, ಜೀರಿಗೆಗೆ ಅಡ್ಡಿಯಿಲ್ಲ. ಅರಿಶಿನದ ಕ್ಯಾಪ್ಸೂಲು ಬೇಡ.

ತಿನ್ನುವುದು, ಕುಡಿಯುವುದು

ಚಕ್ಕೋತವನ್ನು ಪೂರ್ತಿ ಬಿಡಬೇಕು. ಒಂದು ಹಣ್ಣು ತಿಂದರೂ ಟ್ಯಾಕ್ರೋಲಿಮಸ್ ಮಟ್ಟ ಏರಬಹುದು. ಹಿತ್ತಿಲಿನಲ್ಲಿ ಬೆಳೆಯುವ ಧಾರೆಹುಳಿ ಅಂದರೆ ಕಮರಾಕ್ಷಿ, ಬಿಂಬುಳಿ ಇವೆರಡೂ ತಮ್ಮಲ್ಲಿರುವ ಆಕ್ಸಲೇಟ್ ಎಂಬ ಅಂಶದಿಂದ ಕಿಡ್ನಿಗೆ ನೇರವಾಗಿ ಹಾನಿ ಮಾಡುತ್ತವೆ. ರಸ, ಉಪ್ಪಿನಕಾಯಿ ಯಾವ ರೂಪದಲ್ಲೂ ಬೇಡ. ಪೊಟ್ಯಾಸಿಯಂ ಹೆಚ್ಚಿದ್ದರೆ ಎಳನೀರು, ಬಾಳೆಹಣ್ಣು ಕೇಳಿ ತಿನ್ನಬೇಕು.

ಒರತೆಯ ನೀರು, ಹಳ್ಳದಿಂದ ಪೈಪಿನಲ್ಲಿ ಬರುವ ನೀರು, ತೆರೆದ ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸದೆ ಕುಡಿಯಬಾರದು. ಹಲ್ಲುಜ್ಜಲೂ ಕುದಿಸಿದ್ದೇ ಇರಲಿ. ಹಾಲನ್ನು ಕಾಯಿಸಿಯೇ ಬಳಸಬೇಕು, ಹಸಿಹಾಲು ಬೇಡವೇ ಬೇಡ. ಬಿಸಿಯಾದ ಅಕ್ಕಿರೊಟ್ಟಿ, ಕಡುಬು, ಬೆಂದ ಪಲ್ಯ ನಿಶ್ಚಿಂತೆಯಿಂದ ತಿನ್ನಬಹುದು. ಮೊದಲ ತಿಂಗಳುಗಳಲ್ಲಿ ಹಸಿ ಕೋಸಂಬರಿ, ಹಸಿ ಮೊಳಕೆಕಾಳು, ಅರೆಬೆಂದ ಮೊಟ್ಟೆ ಮಾಂಸ, ಮದುವೆಮನೆಯ ಹೊತ್ತು ಮೀರಿದ ಊಟ, ರಸ್ತೆಬದಿಯ ಪಾನಿಪುರಿ ಬಿಡಿ. ಹೆಸರು ಗೊತ್ತಿಲ್ಲದ ಕಾಡಿನ ಅಣಬೆಯನ್ನು ಎಂದಿಗೂ ತಿನ್ನಬೇಡಿ.

ತೋಟ, ಕೊಟ್ಟಿಗೆ, ಕಾಡಿನಂಚು

ತೋಟಕ್ಕೆ ಹೋಗಬೇಡಿ ಎಂದು ಬೆಳೆಗಾರನಿಗೆ ಹೇಳುವುದು ಸುಲಭ, ಕೇಳುವುದು ಕಷ್ಟ. ಗಾಯ ಮಾಯುವವರೆಗೆ, ಅಂದರೆ ಸುಮಾರು ಎರಡು ತಿಂಗಳು, ಭಾರ ಎತ್ತಬಾರದು, ಕಲ್ಲುದಾರಿಯಲ್ಲಿ ಬೈಕ್ ಸವಾರಿ ಬೇಡ. ಆಮೇಲೆ ನೋಡಿಕೊಳ್ಳುವ ಕೆಲಸ ಮಾಡಬಹುದು. ಗೊಬ್ಬರದ ಗುಂಡಿ ಕೆದಕುವುದು, ಬೂಷ್ಟು ಹಿಡಿದ ಕಾಫಿ ಸಿಪ್ಪೆ ಹರಡುವುದು, ಹಳೆ ಅಟ್ಟದ ಪಾರಿವಾಳ ಬಾವಲಿಗಳ ಹಿಕ್ಕೆ ಗುಡಿಸುವುದು, ಸಗಣಿ ಬಾಚುವುದು ಇವನ್ನು ಬೇರೆಯವರಿಗೆ ವಹಿಸಬೇಕು. ಅಲ್ಲಿ ಏಳುವ ಧೂಳಿನಲ್ಲಿ ಶಿಲೀಂಧ್ರಗಳಿರುತ್ತವೆ.

ಬರಿಗಾಲಿನಲ್ಲಿ ಗದ್ದೆಗೆ ಇಳಿಯಬೇಡಿ. ನಿಂತ ನೀರಿನಲ್ಲಿ ಇಲಿಜ್ವರವಿದೆ. ಇಂಬಳ ಕಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಗಾಯ ಕೆಂಪಾಗಿ ಊದುತ್ತದೆಯೇ ಎಂದು ಕಣ್ಣಿಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆಯ ಕಾಲ ಸುಮಾರು ಡಿಸೆಂಬರಿನಿಂದ ಮೇವರೆಗೆ. ಅದನ್ನು ಹರಡುವುದು ಉಣುಗು. ಆ ತಿಂಗಳುಗಳಲ್ಲಿ ಸೊಪ್ಪು, ದರಗು ತರಲು ಕಾಡಿಗೆ ಹೋಗಬಾರದು. ಮಂಗ ಸತ್ತದ್ದು ಕಂಡರೆ ದೂರ ಸರಿದು ಆರೋಗ್ಯ ಇಲಾಖೆಗೆ ತಿಳಿಸಬೇಕು. ಜ್ವರದ ರೋಗಿಯನ್ನು ಪರೀಕ್ಷಿಸುವ ಬೆಂಗಳೂರಿನ ವೈದ್ಯರಿಗೆ ಇದು ತಟ್ಟನೆ ಹೊಳೆಯದಿರಬಹುದು. ನೀವಾಗಿಯೇ ಹೇಳಿ.

ಮಳೆಗಾಲದ ದಾಸ್ತಾನು

ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮಣ್ಣು ಕುಸಿದು ದಾರಿ ಬಂದಾಗುವುದು ನಮಗೆ ಹೊಸತಲ್ಲ. ಮೇ ಮುಗಿಯುವುದರೊಳಗೆ ಕನಿಷ್ಠ ಮೂರು ವಾರದ ಹೆಚ್ಚುವರಿ ಮಾತ್ರೆ ಮನೆಯಲ್ಲಿರಲಿ. ಹಳೆಯದು ಮೊದಲು ಖರ್ಚಾಗಬೇಕು. ಊರಿನ ಔಷಧ ಅಂಗಡಿಯವರಿಗೆ ತಿಂಗಳ ಪಟ್ಟಿ ಕೊಟ್ಟು ಹತ್ತು ದಿನ ಮೊದಲೇ ತರಿಸಲು ಹೇಳಿ. ಪ್ರಯಾಣದಲ್ಲಿ ಮಾತ್ರೆ ಕೈಚೀಲದಲ್ಲಿರಬೇಕು, ಬಸ್ಸಿನ ಡಿಕ್ಕಿಯಲ್ಲಲ್ಲ.

ಲಸಿಕೆ, ಗರ್ಭಧಾರಣೆ, ಮುಂದಿನ ವರ್ಷಗಳು

ಜೀವಂತ ವೈರಸ್ಸಿನ ಲಸಿಕೆಗಳು ಬೇಡ. ಫ್ಲೂ, ನ್ಯುಮೊಕಾಕಲ್, ಹೆಪಟೈಟಿಸ್ ಬಿ ಲಸಿಕೆಗಳನ್ನು ಯಾವಾಗ ಹಾಕಿಸಬೇಕೆಂದು ಕೇಳಿ. ಮನೆಯ ಇತರರೂ ಫ್ಲೂ ಲಸಿಕೆ ಹಾಕಿಸಿಕೊಂಡರೆ ಒಳ್ಳೆಯದು. ಮೊಮ್ಮಗುವಿಗೆ ಪೋಲಿಯೊ ಹನಿ ಹಾಕಿಸಿದ ಮೇಲೆ ಕೆಲವು ವಾರ ಅದರ ಬಟ್ಟೆ ಬದಲಿಸುವ ಕೆಲಸ ಕಸಿಯಾದ ಅಜ್ಜಿ, ತಾತನಿಗೆ ಬೇಡ.

ಕಸಿಯಾದ ಹೆಣ್ಣುಮಕ್ಕಳು ತಾಯಿಯಾಗಬಹುದು, ಆದರೆ ಯೋಜನೆಯಿಲ್ಲದೆ ಅಲ್ಲ. ಮೈಕೋಫಿನೊಲೇಟ್ ಭ್ರೂಣಕ್ಕೆ ಹಾನಿ ಮಾಡುತ್ತದೆ. ಗರ್ಭ ಧರಿಸುವುದಕ್ಕೆ ಕನಿಷ್ಠ ಆರು ವಾರ ಮೊದಲೇ ತಂಡ ಅದನ್ನು ಬದಲಿಸಬೇಕು. ಈ ಮಾತನ್ನು ಗಂಡ, ಅತ್ತೆಯವರಿಗೂ ತಿಳಿಸಿ. ಒತ್ತಡ ಬರುವುದು ಅಲ್ಲಿಂದ.

ಮೊದಲು ಸಕ್ಕರೆ ಕಾಯಿಲೆ ಇಲ್ಲದವರಿಗೂ ಈ ಮಾತ್ರೆಗಳಿಂದ ಅದು ಬರಬಹುದು. ಮೂಳೆ ಸವೆಯುತ್ತದೆ, ಕೊಲೆಸ್ಟ್ರಾಲ್ ಏರುತ್ತದೆ, ಕೆಲವು ಬಗೆಯ ಕ್ಯಾನ್ಸರ್‌ಗಳ ಸಾಧ್ಯತೆ ಹೆಚ್ಚುತ್ತದೆ. ವಾಸಿಯಾಗದ ಹುಣ್ಣು, ಹೊಸ ಗಂಟು, ಕಾರಣವಿಲ್ಲದೆ ಇಳಿಯುವ ತೂಕ ಕಂಡರೆ ಮುಂದಿನ ತಪಾಸಣೆಯವರೆಗೆ ಕಾಯಬೇಡಿ. ಹೊಗೆಸೊಪ್ಪು, ಗುಟ್ಕಾ, ಬೀಡಿಗಳಿಗೆ ಇಲ್ಲಿ ಜಾಗವೇ ಇಲ್ಲ.

ಹಣ, ಮತ್ತು ಕಿಡ್ನಿ ಕೊಟ್ಟವರು

ಮಾತ್ರೆಯ ಖರ್ಚು ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ಇರುತ್ತದೆ. ಬಿಪಿಎಲ್ ಕಾರ್ಡ್ ಇರುವವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸಿಗುವ ನೆರವಿನ ಬಗ್ಗೆ ಕಸಿ ಸಂಯೋಜಕರನ್ನು ಕೇಳಬೇಕು. ಕೈಯಲ್ಲಿ ಹಣವಿಲ್ಲದ ತಿಂಗಳಲ್ಲಿ ಮಾತ್ರೆಯನ್ನು ಅರ್ಧ ಮಾಡಿ ನುಂಗುವ ಬದಲು ತಂಡಕ್ಕೆ ಸಂಕೋಚವಿಲ್ಲದೆ ಹೇಳಿ. ಅಗ್ಗದ ಪರ್ಯಾಯವನ್ನು ಅವರು ಸುರಕ್ಷಿತವಾಗಿ ಹೊಂದಿಸಬಲ್ಲರು.

ಎಲ್ಲರ ಗಮನವೂ ಪಡೆದವರ ಮೇಲೆ ಇರುವಾಗ ಕೊಟ್ಟವರನ್ನು ಮರೆಯುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಅವರಲ್ಲಿ ಹೆಚ್ಚಿನವರು ತಾಯಂದಿರು, ಹೆಂಡಂದಿರು. ದಾನಿಗೂ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಆಗಬೇಕು. ನೋವಿನ ಮಾತ್ರೆಗಳಿಂದ ಅವರೂ ದೂರವಿರಬೇಕು. ಅಣ್ಣನ ತಪಾಸಣೆಗೆ ಬೆಂಗಳೂರಿಗೆ ಹೋಗುವ ದಿನವೇ ವರ್ಷಕ್ಕೊಮ್ಮೆ ಅತ್ತಿಗೆಯ ರಕ್ತವನ್ನೂ ಕೊಡಿಸುತ್ತೇವೆ. ಬೇರೆ ದಿನವೆಂದರೆ ಅವರು ಕೊಯ್ಲು, ಮಕ್ಕಳ ಪರೀಕ್ಷೆ ಎಂದು ಮುಂದೂಡುತ್ತಾರೆ. ಇಬ್ಬರ ವರದಿಯೂ ಒಂದೇ ಫೈಲಿನಲ್ಲಿ ಒಂದಕ್ಕೊಂದು ಬೆರೆಯದಂತೆ, ಬೇರೆ ಬೇರೆ ಬಣ್ಣದ ಕವರಿನಲ್ಲಿಡಿ.